ಬಟ್ಟೆ ಮಾರುವ ಕೆಲಸಕ್ಕೆ ಇಂಟರ್‌ವ್ಯೂ: ಹಿಂದಿನ ದಿನವೇ ಒಮ್ಮೆ ಹೋಗಿಬನ್ನಿ

ನಾಳೆ 11 ಗಂಟೆಗೆ ಇಂಟರ್‌ವ್ಯೂ ಇದೆಯಾ? ಹಾಗಾದರೆ ಇವತ್ತು ಸಂಜೆ ಅದೇ ಅಂಗಡಿಗೆ ಗಿರಾಕಿಯ ಹಾಗೆ ಹೋಗಿ. ಶಾಪರ್ಸ್ ಸ್ಟಾಪ್, ಲೈಫ್‌ಸ್ಟೈಲ್, ವೆಸ್ಟ್‌ಸೈಡ್, ಪ್ಯಾಂಟಲೂನ್ಸ್, ಯಾವುದೇ ಇರಲಿ, ಅರ್ಧ ಗಂಟೆ ಸುಮ್ನೆ ಸುತ್ತಾಡಿ. ಯಾವ ಫ್ಲೋರ್‌ನಲ್ಲಿ ಏನಿದೆ, ಶರ್ಟಿನ ಬೆಲೆ ಎಷ್ಟರಿಂದ ಶುರು, ಅಂಗಡಿಯ ಸ್ವಂತ ಬ್ರ್ಯಾಂಡ್ ಯಾವುದು ಅಂತ ನೋಡಿಕೊಳ್ಳಿ. ಟ್ರಯಲ್ ರೂಮ್ ಹತ್ತಿರ ಐದು ನಿಮಿಷ ನಿಂತರೆ ಜನ ಯಾವ ಬಟ್ಟೆ ಬಿಟ್ಟು ಹೋಗುತ್ತಾರೆ, ಯಾಕೆ ಅನ್ನುವುದೂ ಗೊತ್ತಾಗುತ್ತದೆ.

"ನಮ್ಮ ಸ್ಟೋರ್ ನೋಡಿದ್ದೀರಾ?" ಅಂತ ಕೇಳಿದಾಗ "ಹೂಂ, ತುಂಬಾ ಚೆನ್ನಾಗಿದೆ" ಅಂತ ಎಲ್ಲರೂ ಹೇಳುತ್ತಾರೆ. "ನಿನ್ನೆ ಬಂದಿದ್ದೆ, ಕುರ್ತಾದಲ್ಲಿ ಎಂ ಸೈಜ್ ಬೇಗ ಖಾಲಿ ಆಗುತ್ತೆ ಅನ್ಸುತ್ತೆ, ಇಬ್ಬರು ಕೇಳಿ ಹೋದರು" ಅಂತ ನೀವು ಹೇಳಿ. ದೂರು ಹೇಳುವ ದನಿ ಮಾತ್ರ ಬೇಡ.

ಡ್ರೆಸ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಇಸ್ತ್ರಿ ಮಾಡಿದ ಬಟ್ಟೆ, ಪಾಲಿಶ್ ಮಾಡಿದ ಶೂ, ಕತ್ತರಿಸಿದ ಉಗುರು ಸಾಕು. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್‌ನ ಜೆರಾಕ್ಸ್ ಜೊತೆಗಿರಲಿ. ಮೊದಲು ಕೆಲಸ ಮಾಡಿದ್ದರೆ ರಿಲೀವಿಂಗ್ ಲೆಟರ್ ಮತ್ತು ಪಿಎಫ್‌ನ ಯುಎಎನ್ ನಂಬರ್ ಕೂಡ.

ಆಟ ಇರುವುದು ಮುಂದಿನದರಲ್ಲಿ. ಟೇಬಲ್ ಮೇಲಿನ ಒಂದು ಶರ್ಟ್ ಕೈಗೆ ಕೊಟ್ಟು "ಇದನ್ನು ನನಗೆ ಮಾರಿ" ಅನ್ನುತ್ತಾರೆ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ನಾನು ಒಂದೇ ಉಸಿರಿಗೆ ಒದರಿದೆ: ಪ್ಯೂರ್ ಕಾಟನ್, ಸ್ಲಿಮ್ ಫಿಟ್, ಬಣ್ಣ ಹೋಗಲ್ಲ, ಆಫರ್ ಇದೆ. ಮ್ಯಾನೇಜರ್ ಮೇಡಂ ಎಲ್ಲ ಕೇಳಿಸಿಕೊಂಡು, "ಚೆನ್ನಾಗಿ ಮಾತಾಡ್ತೀರ. ಆದ್ರೆ ನಾನು ಬಂದಿರೋದು ಅಳಿಯನಿಗೆ ತಗೊಳ್ಳೋಕೆ, ದೀಪಾವಳಿಗೆ. ನೀವು ಕೇಳಲೇ ಇಲ್ವಲ್ಲ" ಅಂದರು. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾ?

ಅದಕ್ಕೇ ಮೊದಲು ಕೇಳಿ. ಯಾರಿಗೆ ಮೇಡಂ? ಹಬ್ಬಕ್ಕಾ, ಆಫೀಸಿಗಾ? ಸೈಜ್ ಗೊತ್ತಿಲ್ಲ ಅಂದರೆ "ನನಗಿಂತ ದಪ್ಪ ಇದ್ದಾರಾ?" ಅಂತ ಕೇಳಿ. ಆಮೇಲೆ ಎರಡೋ ಮೂರೋ ತೋರಿಸಿ ಸಾಕು. ಹತ್ತು ಹರಡಿದರೆ ಗಿರಾಕಿ "ನೋಡ್ಕೊಂಡು ಬರ್ತೀನಿ" ಅಂತ ಹೊರಟೇಬಿಡುತ್ತಾರೆ. ಕೊನೆಗೆ "ಇದಕ್ಕೆ ಹೊಂದೋ ಪ್ಯಾಂಟ್ ತೋರಿಸ್ಲಾ?" ಅನ್ನಿ. ಒಂದು ಬಿಲ್ಲಿಗೆ ಎಷ್ಟು ಪೀಸ್ ಹೋಯಿತು ಅನ್ನುವುದನ್ನು ಅಂಗಡಿಯವರು ಲೆಕ್ಕ ಇಡುತ್ತಾರೆ.

ಬಿಲ್ ಇಲ್ಲದೆ ವಾಪಸ್ ತಂದು ರೇಗುವ ಗಿರಾಕಿಯ ಪ್ರಶ್ನೆಯೂ ಬರಬಹುದು. ಪೂರ್ತಿ ಕೇಳಿಸಿಕೊಳ್ಳುತ್ತೇನೆ, ಫ್ಲೋರ್ ಮ್ಯಾನೇಜರ್‌ನ ಕರೆಯುತ್ತೇನೆ, ನನ್ನ ಕೈಲಿಲ್ಲದ್ದಕ್ಕೆ ಮಾತು ಕೊಡುವುದಿಲ್ಲ ಅನ್ನಿ.

ಶನಿವಾರ, ಭಾನುವಾರ, ಹಬ್ಬದ ಸೀಸನ್‌ನಲ್ಲಿ ರಜೆ ಸಿಗುವುದು ಕಷ್ಟ. ವೀಕ್ ಆಫ್ ಹೆಚ್ಚಾಗಿ ನಡುವಾರದಲ್ಲಿ. ಆಗಲ್ಲ ಅನ್ನುವುದಾದರೆ ಆಗಲೇ ಹೇಳಿಬಿಡಿ. ದಿನವಿಡೀ ನಿಂತೇ ಇರುವ ಕೆಲಸ ಇದು, ಮಂಡಿ ನೋವಿದ್ದರೆ ಯೋಚಿಸಿ. ಕ್ಲೋಸಿಂಗ್ ಶಿಫ್ಟ್ ಮುಗಿದ ಮೇಲೆ ಮನೆಗೆ ಹೋಗಲು ಗಾಡಿ ಕೊಡುತ್ತಾರಾ ಅಂತ ಹುಡುಗಿಯರು ಸಂಕೋಚಪಡದೆ ಕೇಳಿ.

ನೀವು ಕೇಳಬೇಕಾದ್ದು ಇನ್ನೂ ಎರಡಿದೆ. ಒಂದು, ಪೇರೋಲ್ ಯಾರದು? ಫ್ಲೋರ್‌ನಲ್ಲಿ ಇರುವವರೆಲ್ಲ ಅಂಗಡಿಯ ನೌಕರರಲ್ಲ. ಕೆಲವರಿಗೆ ಸಂಬಳ ಕೊಡುವುದು ಬ್ರ್ಯಾಂಡ್ ಕಂಪನಿ, ಇನ್ನು ಕೆಲವರಿಗೆ ಏಜೆನ್ಸಿ. ಎರಡು, ಕೈಗೆ ಎಷ್ಟು ಬರುತ್ತೆ? ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು, ನೋಡಿ ಖುಷಿಪಡಬೇಡಿ. ಬೇಸಿಕ್ ಸಂಬಳ 12,000 ಇದ್ದರೆ ಶೇ 12ರಂತೆ ನಿಮ್ಮ ಪಿಎಫ್ 1,440 ಹೋಗುತ್ತದೆ. ಕಂಪನಿ ಕಟ್ಟುವ 1,440 ಕೂಡ ಸಾಮಾನ್ಯವಾಗಿ ಸಿಟಿಸಿ ಒಳಗೇ ಇರುತ್ತದೆ. ಅಂದರೆ 2,880 ಅಲ್ಲೇ ಹೋಯಿತು. ಸಂಬಳ 21,000ದ ಒಳಗಿದ್ದರೆ ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಶೇ 0.75 ಕಡಿತ. ಇನ್ಸೆಂಟಿವ್ ಇದೆಯಾ, ಟಾರ್ಗೆಟ್ ಒಬ್ಬೊಬ್ಬರಿಗಾ ಇಡೀ ಸೆಕ್ಷನ್‌ಗಾ ಅನ್ನುವುದನ್ನೂ ಕೇಳಿಕೊಳ್ಳಿ. ಯೂನಿಫಾರ್ಮ್‌ಗೆ, ರಿಜಿಸ್ಟ್ರೇಷನ್‌ಗೆ ಅಂತ ಯಾರಾದರೂ ಮುಂಗಡ ದುಡ್ಡು ಕೇಳಿದರೆ ಎದ್ದು ಬನ್ನಿ.

"ಫೋನ್ ಮಾಡ್ತೀವಿ" ಅನ್ನುತ್ತಾರೆ. ಮೂರ್ನಾಲ್ಕು ದಿನ ಕಾದು ನೀವೇ ಮಾಡಿ. ಭಾನುವಾರ ಸಂಜೆ ಮಾತ್ರ ಬೇಡ, ಮ್ಯಾನೇಜರ್ ಆಗ ಬಿಲ್ಲಿಂಗ್ ಕೌಂಟರ್‌ನಲ್ಲಿ ಕ್ಯೂ ಜೊತೆ ಒದ್ದಾಡುತ್ತಿರುತ್ತಾರೆ.