ಡಿಲೀಟ್ ಒತ್ತುವ ಮುಂಚೆ ಹತ್ತು ದಿನ ತಡೆಯಿರಿ

ನಿಮ್ಮ ಫೋನಿನ ಗ್ಯಾಲರಿ ತೆರೆದು ನೋಡಿ. ಮಗುವಿನ ಫೋಟೊಗಳಿಗೆ ಲೆಕ್ಕವಿಲ್ಲ. ಅದರಲ್ಲಿ ನೀವಿರುವುದು ಎಷ್ಟು? ಸೀಮಂತದ ಹಸಿರು ಸೀರೆಯದ್ದು ಇರುತ್ತದೆ, ತೊಟ್ಟಿಲು ಶಾಸ್ತ್ರದ್ದು ಇರುತ್ತದೆ. ನಡುವಿನ ಬಾಣಂತನ ಪೂರ್ತಿ ಮಾಯ. ತಲೆಗೆ ಬಟ್ಟೆ ಬಿಗಿದುಕೊಂಡು ನಿದ್ದೆಗೆಟ್ಟು ಕೂತಿದ್ದ ಹೆಂಗಸು ಎಲ್ಲೂ ಸಿಗುವುದಿಲ್ಲ.

ಇದೇನು ಹೊಸದಲ್ಲ. 19ನೇ ಶತಮಾನದ ಇಂಗ್ಲೆಂಡಿನ ಸ್ಟುಡಿಯೊಗಳಲ್ಲಿ ಫೋಟೊ ಮೂಡಲು ಹಲವು ಸೆಕೆಂಡು ಬೇಕಿತ್ತು. ಅಷ್ಟು ಹೊತ್ತು ಮಗು ಅಲುಗಾಡದಂತೆ ತಾಯಿ ಹಿಡಿದುಕೊಳ್ಳಬೇಕು. ಅವಳು ಕಾಣಬಾರದು ಅಂತ ಮೇಲೊಂದು ಬಟ್ಟೆ ಹೊದಿಸಿ ಕುರ್ಚಿಯಂತೆ ಮಾಡಿಬಿಡುತ್ತಿದ್ದರು. ನಮಗೆ ಯಾರೂ ಬಟ್ಟೆ ಹೊದಿಸುತ್ತಿಲ್ಲ. ನಾವಾಗಿಯೇ ಕ್ಯಾಮೆರಾ ಹಿಂದೆ ಹೋಗಿ ನಿಲ್ಲುತ್ತೇವೆ.

ನನ್ನ ತಂಗಿಗೂ ಅವಳ ಮೂವರು ಗೆಳತಿಯರಿಗೂ ತಮ್ಮ ಫೋಟೊ ತಾವೇ ತೆಗೆದುಕೊಳ್ಳುವುದನ್ನು ಹೇಳಿಕೊಟ್ಟೆ. ನಾಲ್ವರೂ ಎಡವಿದ್ದು ಒಂದೇ ಕಡೆ, ಅದೂ ತೆಗೆದಾದ ಮೇಲೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಲೆನ್ಸ್ ಒರೆಸಿ. ಎಣ್ಣೆ ಕೈ ತಾಗಿಯೇ ಇರುತ್ತದೆ. ಹಳೇ ಕಾಟನ್ ಸೀರೆಯ ತುಂಡು ಸಾಕು.

ಹೆಜ್ಜೆ 2: ಬ್ಯೂಟಿ ಮೋಡ್ ಆಫ್ ಮಾಡಿ. ಎಷ್ಟೋ ಫೋನುಗಳಲ್ಲಿ ಅದು ನಮ್ಮನ್ನು ಕೇಳದೆಯೇ ಆನ್ ಆಗಿರುತ್ತದೆ. ಹಿಂಬದಿಯ ಕ್ಯಾಮೆರಾವನ್ನೇ ಬಳಸಿ. ಮುಂದಿನದ್ದರಲ್ಲಿ ನಿಮ್ಮ ಮುಖ ನಿಮಗೇ ಕಾಣುತ್ತದೆ, ಕೂದಲು ಸರಿ ಮಾಡಿಕೊಳ್ಳುವುದರಲ್ಲೇ ಮಗು ಎದ್ದುಬಿಡುತ್ತದೆ.

ಹೆಜ್ಜೆ 3: ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ. ಬೇಕಾದ ಹಾಗೆ ಕಾಲು ಬಗ್ಗಿಸುವ ಪುಟ್ಟ ಟ್ರೈಪಾಡ್ ಬರುತ್ತದಲ್ಲ, ಅದನ್ನು ಕೊಳ್ಳಬೇಡಿ. ನಾನು ತಂದದ್ದು ಮೂರನೇ ದಿನವೇ ಫೋನಿನ ಸಮೇತ ಮಕಾಡೆ ಮಲಗಿತು. ರಿಂಗ್ ಲೈಟ್ ಕೂಡ ಬೇಡ, ಕಣ್ಣೊಳಗೆ ಬಿಳಿ ಬಳೆ ಕೂತ ಹಾಗೆ ಕಾಣುತ್ತದೆ. ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಕೂತು ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಬೆನ್ನ ಹಿಂದೆ ಬಂದರೆ ನೀವು ಬರೀ ನೆರಳು.

ಹೆಜ್ಜೆ 4: ಟೈಮರ್ 10 ಸೆಕೆಂಡಿಗೆ ಇಡಿ. 3 ಸೆಕೆಂಡಿಗೆ ಇಟ್ಟರೆ ಓಡಿಬಂದ ಮುಖವೇ ಬರುತ್ತದೆ. ಆಮೇಲೆ ಮಾಡುವ ಕೆಲಸವನ್ನೇ ಮಾಡಿ. ಹಾಲು ಕುಡಿಸಿ, ಇಲ್ಲವೇ ಮಡಚದ ಬಟ್ಟೆಯ ರಾಶಿ ಮುಂದೆ ಸುಮ್ನೆ ಕೂತಿರಿ. ಕನ್ನಡಿಯನ್ನೂ ಬಳಸಿ. ಮೊಗ್ಗಿನ ಜಡೆ ಹಾಕಿದಾಗ ಸ್ಟುಡಿಯೊದವರು ಹಿಂದೆ ಕನ್ನಡಿಯಿಟ್ಟು ಮುಖ, ಜಡೆ ಎರಡನ್ನೂ ಹಿಡಿಯುತ್ತಿದ್ದರಲ್ಲ, ಹಾಗೆ. ಮಗು ಇಲ್ಲದೆ ನೀವೊಬ್ಬರೇ ಇರುವ ಫೋಟೊನೂ ಒಂದಿರಲಿ. ಹಾಲು ಕುಡಿಸುವ ಫೋಟೊ ತೆಗೆಯುವ ಮುಂಚೆ, ನಿಮ್ಮ ಗ್ಯಾಲರಿ ಮನೆಯವರ ಶೇರ್ಡ್ ಆಲ್ಬಮ್‌ಗೆ ತಾನಾಗಿ ಹೋಗುತ್ತಿದೆಯಾ ಅಂತ ನೋಡಿಕೊಳ್ಳಿ.

ಹೆಜ್ಜೆ 5: ತೆಗೆದ ಫೋಟೊ ನೋಡಬೇಡಿ.

ಎಲ್ಲರೂ ಕೆಡಿಸುವುದು ಇಲ್ಲೇ. ಆಗಲೇ ನೋಡಿದರೆ ಹೊಟ್ಟೆ, ತೋಳು, ಕೂದಲು ಉದುರಿದ ಹಣೆ, ಇಷ್ಟೇ ಕಾಣುವುದು. ತಂಗಿ 40 ತೆಗೆದು 36 ಅಳಿಸಿದ್ದಳು. ಉಳಿದ ನಾಲ್ಕರಲ್ಲೂ ಅದೇ ನಗು, ಮದುವೆ ಆಲ್ಬಮ್ಮಿನದ್ದು. ಪುಣ್ಯಕ್ಕೆ ಐಫೋನಿನಲ್ಲಿ ಅಳಿಸಿದ್ದು 30 ದಿನ ಫೋನಿನೊಳಗೇ ಉಳಿದಿರುತ್ತದೆ, ವಾಪಸ್ ತೆಗೆದೆವು.

ಹತ್ತು ದಿನ ಬಿಟ್ಟು, ಸಾಧ್ಯವಾದರೆ ಲ್ಯಾಪ್‌ಟಾಪಿನಲ್ಲಿ, ದೊಡ್ಡದಾಗಿ ನೋಡಿ. ಮುಖದಿಂದ ಶುರು ಮಾಡಬೇಡಿ. ಮೊದಲು ಕೈ ಎಲ್ಲಿದೆ ನೋಡಿ. ಆಮೇಲೆ ಕಣ್ಣು ಯಾವ ಕಡೆ ಇದೆ, ಫೋಟೊದ ಅಂಚಿನಲ್ಲಿ ಏನೇನು ಬಿದ್ದಿದೆ ಅಂತ. ಒಂದೊಂದಕ್ಕೂ ಒಂದು ಸಾಲು ಬರೆಯಿರಿ. ‘ಚೆನ್ನಾಗಿದೆ’, ‘ದಪ್ಪ ಕಾಣ್ತೀನಿ’ ಅಂತ ಬರೆಯುವ ಹಾಗಿಲ್ಲ. ‘ಕೈ ಮಗುವಿನ ಮೇಲೆ, ಕಣ್ಣು ಬಾಗಿಲ ಕಡೆ’ ಅಂತ ಕಂಡದ್ದನ್ನಷ್ಟೇ ಬರೆಯಿರಿ. ಹತ್ತು ಹದಿನೈದು ಸಾಲು ಆದ ಮೇಲೆ ಒಟ್ಟಿಗೆ ಓದಿ. ತಂಗಿಯ ಪಟ್ಟಿಯಲ್ಲಿ ‘ಭುಜ ಮೇಲಕ್ಕೆ’ ಅನ್ನೋದು ಏಳು ಸಲ ಬಂದಿತ್ತು. ಒಂದು ನಿಮಿಷ ಸುಮ್ಮನಿದ್ದು, “ಅಕ್ಕಾ, ನಾನು ಯಾವಾಗ್ಲೂ ಎದ್ದು ಓಡೋಕೆ ರೆಡಿಯಾಗೇ ಕೂತಿರ್ತೀನಲ್ವಾ” ಅಂದಳು. ಆ ಏಳೂ ಅವಳು ಅಳಿಸಿದ್ದ ಫೋಟೊಗಳೇ.

ಆಮೇಲೆ ಮೂರು ಗುಂಪು ಮಾಡಿ: ಬೇರೆಯವರಿಗೆ ತೋರಿಸುವಂಥವು, ನಿಮಗೆ ಮಾತ್ರ, ನೋಡಲಾಗದವು. ಮೂರನೆಯದನ್ನು ಎಸೆಯಬೇಡಿ. ಒಂದು ತಿಂಗಳು ಬಿಟ್ಟು ಮತ್ತೆ ತೆರೆಯಿರಿ, ಅದರಿಂದ ಒಂದಾದರೂ ಆರಿಸಿ. ಆರಿಸಲು ಗಂಡನಿಗೋ ಅತ್ತೆಗೋ ಕೊಡಬೇಡಿ. ಅವರು ನಕ್ಕಿದ್ದನ್ನೇ ಆರಿಸುತ್ತಾರೆ. ನನ್ನಮ್ಮನೂ ಅಷ್ಟೇ.

ನೋಡುತ್ತಾ ಅಳು ಬಂದರೆ ಗಾಬರಿ ಬೇಡ. ಆದರೆ ಹೆರಿಗೆಯಾದ ಮೇಲೆ ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ ಫೋಟೊ ಬದಿಗಿಟ್ಟು ಡಾಕ್ಟರ ಹತ್ತಿರ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 6: ಹನ್ನೆರಡು ಫೋಟೊ ಪ್ರಿಂಟ್ ಹಾಕಿಸಿ. 4×6 ಸೈಜು, ಹೊಳಪಿಲ್ಲದ ಮ್ಯಾಟ್ ಪೇಪರ್. ಗ್ಲಾಸಿ ಬೇಡವೇ ಬೇಡ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಕ್ವಾಲಿಟಿ ಇಳಿದುಬಿಡುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ. ‘ಟಚಪ್ ಬೇಡ’ ಅಂತ ಎರಡು ಸಲ ಹೇಳಿ. ಒಂದು ಅಂಗಡಿಯವನು ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ಕೇಳದೆಯೇ ಅಳಿಸಿ, ಫ್ರೀಯಾಗಿ ಮಾಡಿದ್ದೀನಿ ಮೇಡಂ ಅಂದಿದ್ದ. ಪುಟಕ್ಕೇ ಅಂಟು ಇರುವ ಆಲ್ಬಮ್ಮಿಗೆ ಹಾಕಬೇಡಿ, ಕೆಲವು ವರ್ಷಕ್ಕೆ ಫೋಟೊ ಕೀಳಲೂ ಬರುವುದಿಲ್ಲ.

ಹಿಂದೆ ತಾರೀಕು ಬರೆಯಿರಿ, ಬಾಲ್‌ಪೆನ್ ಒತ್ತದೆ. ‘ಅಮ್ಮ’ ಅಂತಷ್ಟೇ ಬರೆಯದೆ ನಿಮ್ಮ ಹೆಸರು ಹಾಕಿ. ನಮ್ಮ ಮನೆಯ ಟ್ರಂಕಿನಲ್ಲಿ ಬಾವಿಕಟ್ಟೆ ಮೇಲೆ ಕೂತ ಹೆಂಗಸಿನ ಫೋಟೊ ಒಂದಿದೆ. ಹಿಂದೆ ‘ಅಮ್ಮ’ ಅಂತ ಮಾತ್ರ ಇದೆ. ಯಾರ ಅಮ್ಮ ಅಂತ ದೊಡ್ಡಮ್ಮನಿಗೂ ನನ್ನಮ್ಮನಿಗೂ ಇನ್ನೂ ಜಗಳ.