ಉಪಚುನಾವಣೆಯಲ್ಲಿ ಸೋತಿರಾ? ಮೊದಲು ಖರ್ಚಿನ ಲೆಕ್ಕ ಕೊಡಿ

ನಾನು ಮುಂಬೈಯ ಅಂಧೇರಿಯಲ್ಲಿ ಲೆಕ್ಕ ಬರೆಯುವವಳು. ಪಕ್ಷೇತರರಾಗಿ ನಿಂತ ನಮ್ಮ ಕನ್ನಡದವರ ಖರ್ಚಿನ ಪುಸ್ತಕವನ್ನೂ ನೋಡಿಕೊಟ್ಟಿದ್ದೇನೆ. ಸೋತ ಮೇಲೆ ಕೆಲವರು ಫೋನನ್ನೇ ಎತ್ತುವುದಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಫಲಿತಾಂಶ ಬಂದ 30 ದಿನದೊಳಗೆ ಸೋತವರೂ ಲೆಕ್ಕ ಒಪ್ಪಿಸಲೇಬೇಕು. ಸರಿಯಾದ ಕಾರಣವಿಲ್ಲದೆ ಬಿಟ್ಟರೆ ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಮತ್ತೆ ನಿಲ್ಲುವ ಆಸೆ ಇದೆ ಅಲ್ವಾ?

ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ರಿಕ್ಷಾಕ್ಕೆ ಕಟ್ಟಿದ ಮೈಕು, ಬ್ಯಾನರ್, ಕರಪತ್ರ, ಹುಡುಗರಿಗೆ ಕೊಡಿಸಿದ ಚಹಾ, ವಡಾಪಾವ್, ಎಲ್ಲವೂ ಬರಬೇಕು. ಮೊದಲು ಕಳೆದುಹೋಗುವುದು ಚಹಾದ ಚೀಟಿಯೇ. ಹೋಟೆಲಿನವರು ಮರೆಯುವ ಮುಂಚೆ ಹೋಗಿ ಬರೆಸಿಕೊಳ್ಳಿ. ಚುನಾವಣೆಗೆಂದೇ ತೆರೆದ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟಿನ ಜೊತೆ ಒಂದೊಂದೇ ಸಾಲು ತಾಳೆ ನೋಡಿ. ಅಫಿಡವಿಟ್ ಸೇರಿಸಿ. ಉಪನಗರ ಜಿಲ್ಲೆಯವರು ಬಾಂದ್ರಾ ಪೂರ್ವದ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಕೊಟ್ಟದ್ದಕ್ಕೆ ರಸೀದಿ ಪಡೆಯದೆ ಹೊರಗೆ ಬರಬೇಡಿ.

ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಜಾಸ್ತಿ ಬಂದಿದ್ದರೆ ಅದು ವಾಪಸ್. ಅಷ್ಟು ಬರಲಿಲ್ಲವೆಂದು ಕುಗ್ಗಬೇಡಿ. 2022ರ ಅಂಧೇರಿ ಪೂರ್ವ ಉಪಚುನಾವಣೆಯಲ್ಲಿ ಋತುಜಾ ಲಟ್ಕೆ ಗೆದ್ದರು, ಎರಡನೆಯದಾಗಿ ಬಂದದ್ದು 12,806 ಮತಗಳ ನೋಟಾ. ಉಳಿದ ಅಭ್ಯರ್ಥಿಗಳೆಲ್ಲ ಅದಕ್ಕಿಂತ ಹಿಂದೆ. ಅವರೂ ಜನರ ಮುಂದೆ ನಿಂತವರೇ, ನನಗೆ ಅವರ ಮೇಲೆ ಗೌರವವಿದೆ.

ಚುನಾವಣೆಯನ್ನೇ ಪ್ರಶ್ನಿಸುವುದಾದರೆ ಬಾಂಬೆ ಹೈಕೋರ್ಟಿಗೆ ಅರ್ಜಿ ಹಾಕಲು 45 ದಿನ ಇದೆ. ಅದಕ್ಕೆ ವಕೀಲರು ಬೇಕು. ಮತಗಟ್ಟೆಯಲ್ಲಿ ನಿಮ್ಮ ಏಜೆಂಟರಿಗೆ ಕೊಟ್ಟ ಫಾರ್ಮ್ 17ಸಿ, ಅಂದರೆ ಅಲ್ಲಿ ಎಷ್ಟು ಮತ ಬಿತ್ತು ಎಂಬ ಲೆಕ್ಕದ ಪ್ರತಿಗಳನ್ನು ವಕೀಲರಿಗೆ ತೋರಿಸಿ.