ಬ್ಯಾಕ್‌ಗ್ಯಾಮನ್ ನಡೆಗಳನ್ನು ಬರೆದಿಡುವ ಕ್ರಮ

ಬ್ಯಾಕ್‌ಗ್ಯಾಮನ್ ಎಂಬುದು ದಾಳ ಉರುಳಿಸಿ ಕಾಯಿ ನಡೆಸುವ, ಇಬ್ಬರ ಹಲಗೆಯಾಟ. ಅದರ ನಡೆಗಳನ್ನು ಬರೆದಿಡಲು ಮೊದಲು ಮನೆಗಳ ಎಣಿಕೆ ತಿಳಿದಿರಬೇಕು. ಹಲಗೆಯ 24 ಮನೆಗಳನ್ನು ಆಟಗಾರರಿಬ್ಬರೂ ತಮ್ಮ ತಮ್ಮ ಕಡೆಯಿಂದಲೇ ಎಣಿಸುತ್ತಾರೆ: ಕಾಯಿಗಳು ಹಲಗೆಯಿಂದ ಹೊರಹೋಗುವ ಮುನ್ನ ಸಿಗುವ ಕಟ್ಟಕಡೆಯ ಮನೆ 1, ಅದರಿಂದ ಅತ್ಯಂತ ದೂರದ ಮನೆ 24. ಹೀಗಾಗಿ ಒಂದೇ ಮನೆಗೆ ಇಬ್ಬರು ಕೊಡುವ ಸಂಖ್ಯೆಗಳನ್ನು ಕೂಡಿಸಿದರೆ ಯಾವಾಗಲೂ 25 ಬರುತ್ತದೆ.

ಪ್ರತಿ ಸರದಿಯಲ್ಲೂ ಮೊದಲು ಬಿದ್ದ ಗರವನ್ನು (ಎರಡು ದಾಳಗಳ ಅಂಕಿಗಳನ್ನು) ಬರೆದು, ಎರಡು ಚುಕ್ಕೆ ಇಟ್ಟು, ಕಾಯಿ ಹೊರಟ ಮನೆ ಮತ್ತು ತಲುಪಿದ ಮನೆಗಳ ನಡುವೆ ಓರೆಗೆರೆ ಎಳೆಯಬೇಕು. ಕಾಯಿ ಮುಟ್ಟುವ ಮೊದಲೇ ಗರವನ್ನು ಬರೆದುಕೊಳ್ಳುವುದು ಲೇಸು; ಗರ ಗೊತ್ತಿಲ್ಲದಿದ್ದರೆ, ಆಡಿದ್ದಕ್ಕಿಂತ ಒಳ್ಳೆಯ ನಡೆ ಇತ್ತೇ ಎಂದು ಆಮೇಲೆ ಪರಿಶೀಲಿಸಲು ಆಧಾರವೇ ಇರುವುದಿಲ್ಲ.

ಒಂದು ಆಟದ ಆರಂಭವನ್ನೇ ನೋಡೋಣ. ಮೊದಲನೆಯವರಿಗೆ 3 ಮತ್ತು 1 ಬಿದ್ದು, ಅವರು ಎರಡು ಕಾಯಿ ಸೇರಿಸಿ ಐದನೆಯ ಮನೆಯನ್ನು ಕಟ್ಟಿಕೊಂಡರೆ ಅದು "31: 8/5 6/5". ಎದುರಾಳಿ 6 ಮತ್ತು 4ರಲ್ಲಿ ಹಿಂದಿನ ಒಂದೇ ಕಾಯಿಯನ್ನು ಓಡಿಸಿದರೆ "64: 24/14" ಎಂದರೆ ಸಾಕು, ನಡುವೆ ಕಾಲಿಟ್ಟ ಮನೆಯನ್ನು ಹೇಳಬೇಕಾಗಿಲ್ಲ. ಎದುರಾಳಿಯ 14 ಮೊದಲನೆಯವರಿಗೆ 11 ಆದುದರಿಂದ, ಅವರು ಮುಂದಿನ ಗರದಲ್ಲಿ ಆ ಒಂಟಿ ಕಾಯಿಯನ್ನು ಹೊಡೆದಾಗ "52: 13/11* 13/8" ಎಂದು ಬರೆಯುತ್ತಾರೆ, ನಕ್ಷತ್ರ ಚಿಹ್ನೆಯೇ ಹೊಡೆತದ ಗುರುತು. ಹೊಡೆತ ತಿಂದ ಕಾಯಿ ಹಲಗೆಯ ನಡುವಿನ ಪಟ್ಟಿಯಾದ ಬಾರ್‌ಗೆ ಹೋಗಿ, ಅಲ್ಲಿಂದ ಮತ್ತೆ ಒಳಬರಬೇಕು. ಈಗ ಎದುರಾಳಿಗೆ 6 ಮತ್ತು 5 ಬಿದ್ದರೆ ಒಳಬರಬೇಕಾದ ಎರಡೂ ಮನೆಗಳು ಮೊದಲನೆಯವರ ಎರಡು ಅಥವಾ ಹೆಚ್ಚು ಕಾಯಿಗಳಿಂದ ಮುಚ್ಚಿರುವುದರಿಂದ "65: ನಡೆಯಿಲ್ಲ" ಎಂದೇ ದಾಖಲಿಸಬೇಕು. ಆ ಸಾಲನ್ನು ಬಿಟ್ಟರೆ ಮುಂದಿನ ಸರದಿಗಳೆಲ್ಲ ಅದಲುಬದಲಾಗುತ್ತವೆ. ಒಂದು ವೇಳೆ 3 ಬಿದ್ದು ಕಾಯಿ ಒಳಬಂದಿದ್ದರೆ, ಅದು "ಬಾರ್/22" ಆಗುತ್ತಿತ್ತು.

ಒಂದೇ ಕಾಯಿ ದಾರಿಯ ನಡುವೆ ಹೊಡೆದು ಮುಂದುವರಿದಾಗ ಮಾತ್ರ ಸಂಕ್ಷೇಪ ಸಲ್ಲದು. "24/18*/14" ಮತ್ತು "24/14*" ಬೇರೆ ಬೇರೆ ಘಟನೆಗಳು. ಮೊದಲನೆಯದರಲ್ಲಿ ಹೊಡೆತ ಬಿದ್ದದ್ದು 18ರಲ್ಲಿ, ಎರಡನೆಯದರಲ್ಲಿ 14ರಲ್ಲಿ. ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಜೋಡಿ ಗರಕ್ಕೆ ನಾಲ್ಕು ನಡೆಗಳಿರುವುದರಿಂದ, ಒಂದೇ ದಾರಿಯಲ್ಲಿ ಹೋದ ಕಾಯಿಗಳ ಸಂಖ್ಯೆಯನ್ನು ಆವರಣದಲ್ಲಿ ಸೂಚಿಸುತ್ತಾರೆ: "11: 8/7(2) 6/5(2)". ಹಲಗೆಯಿಂದ ಹೊರತೆಗೆದ ಕಾಯಿಗೆ "6/ಆಫ್".

ಡಬ್ಲಿಂಗ್ ಕ್ಯೂಬ್ (ಆಟದ ಪಣ ಎಷ್ಟೆಂದು ತೋರಿಸುವ ಘನ) ಇಟ್ಟು ಆಡುವಾಗ, ಪಣವನ್ನು ಇಮ್ಮಡಿಸುವ ಸವಾಲು ದಾಳ ಉರುಳಿಸುವ ಮೊದಲೇ ಬರುವುದರಿಂದ ಅದಕ್ಕೆ ಗರಕ್ಕಿಂತ ಮೇಲೆ ಪ್ರತ್ಯೇಕ ಸಾಲು ಬೇಕು. ಅಲ್ಲಿ ಕ್ಯೂಬಿನ ಹೊಸ ಬೆಲೆಯನ್ನೂ, ಎದುರಾಳಿ ಒಪ್ಪಿದರೋ ಆಟ ಬಿಟ್ಟುಕೊಟ್ಟರೋ ಎಂಬುದನ್ನೂ ಬರೆಯಬೇಕು. ಬಿಟ್ಟುಕೊಟ್ಟಲ್ಲಿ ಆಟ ಅಲ್ಲಿಗೇ ಮುಗಿಯುತ್ತದೆ; ಗೆದ್ದವರಿಗೆ ಸಲ್ಲುವುದು ಇಮ್ಮಡಿಸುವ ಮುಂಚೆ ಇದ್ದ ಬೆಲೆಯಷ್ಟೇ ಅಂಕ.